ನೆಲ ಉಸಿರುಬಿಟ್ಟ ವಾರ

ಅಳತೆ ಮನೆ,
ಹನ್ನೊಂದನೇ ತಾರೀಕು, ಗುರುವಾರ ಮಧ್ಯಾಹ್ನ

ಮಾನ್ಯ ಪ್ರಾಧ್ಯಾಪಕರೇ,

ಹದಿನೇಳು ವರ್ಷ ನಿಮ್ಮನ್ನು ‘ರೀ’ ಎಂದು ಕರೆದೆ. ಅದು ಬಾಯಿಗೆ ಬರುವ ಮಾತು, ಕಾಗದಕ್ಕೆ ಬರುವುದಲ್ಲ. ಬಂದರೂ ಈಗ ಬರೆಯುವುದಿಲ್ಲ. ಹೊಸ ಪದಕ ಕೊರಳಿಗೆ ಬಿದ್ದ ಮೇಲೆ ಊರೆಲ್ಲ ನಿಮ್ಮನ್ನು ಹೀಗೇ ಕರೆಯುತ್ತದಂತೆ, ನಾನೂ ಸಾಲಿನಲ್ಲಿ ನಿಂತಿದ್ದೇನೆ ಅಂದುಕೊಳ್ಳಿ. ಇಲ್ಲಿ ನಾನು ಕ್ಷೇಮ, ಕಾಡು ಕ್ಷೇಮ. ನಿಮ್ಮ ಕ್ಷೇಮ ಕೇಳಬೇಕಾದ್ದೇನಿಲ್ಲ, ವಾರಕ್ಕೊಂದು ಸಲ ಪೇಪರಿನಲ್ಲಿ ಫೋಟೋ ನೋಡುತ್ತೇನೆ. ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ.

ನಿಮ್ಮ ಕಾಗದ ಸೋಮವಾರ ಬಂತು. ಬೇರೆಯಾದ ಮೇಲೆ ನೀವು ಕೈಯಾರೆ ಬರೆದ ಎರಡನೇ ಕಾಗದ ಇದು. ಮೊದಲನೆಯದರ ವಿಷಯ ಆಮೇಲೆ ಹೇಳುತ್ತೇನೆ. ಇದರಲ್ಲಿ ಅರ್ಧ ಪುಟ ನಿಮ್ಮ ರಕ್ತದೊತ್ತಡ, ಕಾಲು ಪುಟ ನಿಮ್ಮ ಊರಿನ ಟ್ರಾಫಿಕ್ಕು, ಕೊನೆಯ ಕಾಲು ಪುಟದಲ್ಲಿ ‘ಒಂದು ಸಣ್ಣ ದಿನಾಂಕದ ಗೊಂದಲ’. ಜೊತೆಗೆ ಟೈಪು ಮಾಡಿದ ಒಂದು ಹಾಳೆ. ಹದಿನಾಲ್ಕನೇ ಬಳೆಯನ್ನು ಮರ ಬೀಳುವುದಕ್ಕೂ ಮೊದಲೇ ಎರಡು ಹೆಜ್ಜೆ ಆಚೆಗೆ ಸ್ಥಳಾಂತರಿಸಲಾಗಿತ್ತು ಎಂದು ನಾನು ದೃಢೀಕರಿಸಬೇಕಂತೆ. ಸಹಿ ಎಲ್ಲಿ ಹಾಕಬೇಕೆಂದು ಪೆನ್ಸಿಲಿನಲ್ಲಿ ಗುರುತು ಬೇರೆ ಮಾಡಿದ್ದೀರಿ. ಹೆಂಡತಿಗೆ ಓದಲು ಬರುತ್ತದೆ ಎಂಬುದನ್ನು ಇಷ್ಟು ಬೇಗ ಮರೆತಿರಾ?

ಬಳೆ ಎಂದರೆ ಏನೆಂದಾದರೂ ನೆನಪಿದೆಯೋ ಇಲ್ಲವೋ, ಹೇಳಿಬಿಡುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ನೀವು ಈ ಕಾಡಿನೊಳಗೆ ಕಾಲಿಟ್ಟದ್ದು ಹನ್ನೊಂದು ಸಲ, ಅದರಲ್ಲಿ ನಾಲ್ಕು ಸಲ ಫೋಟೋ ತೆಗೆಯುವವನು ಜೊತೆಗಿದ್ದ. ಬಳೆ ಎಂದರೆ ಮಣ್ಣಿನಲ್ಲಿ ಅರ್ಧ ಹೂತಿಟ್ಟ ಪ್ಲಾಸ್ಟಿಕ್ ಪೈಪಿನ ತುಂಡು, ಊಟದ ತಟ್ಟೆಯಷ್ಟು ಅಗಲ. ಅಂಥವು ಇಲ್ಲಿ ನಲವತ್ತಿವೆ. ವಾರಕ್ಕೆ ಎರಡು ಸಲ ಒಂದೊಂದರ ಮೇಲೂ ಡಬ್ಬಿ ಕವಿಚಿ ಮೂರು ನಿಮಿಷ ಕಾದರೆ, ನೆಲದಿಂದ ಎಷ್ಟು ಇಂಗಾಲ ಮೇಲೆದ್ದು ಬಂತು ಎಂದು ಯಂತ್ರ ಅಂಕಿ ತೋರಿಸುತ್ತದೆ. ಬೇರು, ಹುಳ, ಕಣ್ಣಿಗೆ ಕಾಣದ ಜೀವಿಗಳು, ತರಗೆಲೆ ತಿಂದು ಬದುಕುವ ಸಮಸ್ತರೂ ಸೇರಿ ಬಿಡುವ ಉಸಿರು ಅದು. ಡಬ್ಬಿ ಕವಿಚುವಾಗ ನಾವು ಉಸಿರು ಬಿಗಿಹಿಡಿದು ಮುಖ ಪಕ್ಕಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ ನಮ್ಮ ಉಸಿರೂ ಒಳಗೆ ಸೇರಿಬಿಡುತ್ತದೆ. ನೀವು ಬಂದಾಗಲೆಲ್ಲ ಅದರ ಮೇಲೆ ಬಗ್ಗಿ ಭಾಷಣ ಮಾಡುತ್ತಿದ್ದಿರಿ. ಆ ದಿನದ ಅಂಕಿಗಳನ್ನು ಪ್ರತಿಸಲವೂ ಹೊಡೆದುಹಾಕಿ ಮಾರನೇ ದಿನ ಮತ್ತೆ ಅಳೆಯುತ್ತಿದ್ದೆ. ನಿಮಗೆ ಬೇಸರವಾದೀತೆಂದು ಹೇಳಿರಲಿಲ್ಲ.

ಪದಕದ ದಿನದ ನಿಮ್ಮ ಭಾಷಣವನ್ನು ಮಗಳು ತನ್ನ ಫೋನಿನಲ್ಲಿ ತೋರಿಸಿದಳು. ‘ಕಾಡು ನಮ್ಮ ಹೊಗೆಯನ್ನು ಕುಡಿಯುವ ತಾಯಿ’ ಎಂದಿರಿ. ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆ ತಟ್ಟುವವರು ಎಲ್ಲದಕ್ಕೂ ತಟ್ಟುತ್ತಾರೆ. ಕಾಡು ಕುಡಿಯುತ್ತದೆ, ನಿಜ, ಆದರೆ ಕುಡಿದದ್ದರಲ್ಲಿ ಬಹುಪಾಲನ್ನು ಬಿಟ್ಟೂ ಬಿಡುತ್ತದೆ ಎಂಬುದನ್ನು ಹೇಳಲು ನಿಮ್ಮ ನಾಲಿಗೆ ಯಾಕೆ ಹೊರಳಲಿಲ್ಲ? ಬಿಸಿಲಿದ್ದಾಗ ಎಲೆ ಒಳಕ್ಕೆಳೆದುಕೊಳ್ಳುತ್ತದೆ. ಕಾಂಡ, ಬೇರು, ಮಣ್ಣು ಹಗಲೂ ರಾತ್ರಿ ಹೊರಕ್ಕೆ ಬಿಡುತ್ತವೆ. ಇವೆರಡರ ನಡುವಿನ ಚೂರು ವ್ಯತ್ಯಾಸವೇ ಕಾಡು ಉಳಿಸಿಕೊಂಡದ್ದು. ಮಳೆ ಹದವಾಗಿ ಬಿದ್ದ ವರ್ಷ ಉಳಿಯುತ್ತದೆ. ಸುಡುವ ವರ್ಷದಲ್ಲಿ ಎಲೆ ತನ್ನ ನೀರು ಕಾಪಾಡಿಕೊಳ್ಳಲು ಬಾಯಿ ಮುಚ್ಚಿ ಕೂರುತ್ತದೆ, ಒಳಗೆ ಹೋಗುವುದೇ ಕಡಿಮೆ. ಆಮೇಲೆ ಒಣಗಿದ ನೆಲಕ್ಕೆ ಮೊದಲ ಮಳೆ ಬಿದ್ದ ವಾರ, ಅಷ್ಟು ದಿನ ಮಲಗಿದ್ದ ಮಣ್ಣು ಎದ್ದು ತಿಂಗಳುಗಟ್ಟಲೆಯ ತರಗೆಲೆಯನ್ನು ಒಮ್ಮೆಲೇ ತಿನ್ನಲು ಶುರುಮಾಡುತ್ತದೆ. ಒಂದೂವರೆಯಲ್ಲಿ ಕುಂಟುತ್ತಿದ್ದ ಅಂಕಿ ಒಂದೇ ದಿನದಲ್ಲಿ ಎಂಟು, ಒಂಬತ್ತಕ್ಕೆ ಹಾರುತ್ತದೆ. ವರ್ಷವಿಡೀ ಉಳಿಸಿದ್ದು ಎರಡು ಮೂರು ವಾರದಲ್ಲಿ ಗಾಳಿಪಾಲು. ನಮ್ಮ ಕೆಲಸದಲ್ಲಿರುವ ಎಲ್ಲರಿಗೂ ಇದು ಗೊತ್ತು.

ಏಣಿಗೂ ಗೊತ್ತಿತ್ತು. ಏಣಿ ಯಾರೆಂದು ಕೇಳಬೇಡಿ, ನನಗೆ ಸಿಟ್ಟು ಬರುತ್ತದೆ. ಮರಗಳ ಸೊಂಟಕ್ಕೆ ಉಕ್ಕಿನ ಪಟ್ಟಿ ಕಟ್ಟಿ ಸುತ್ತಳತೆ ಬರೆಯುತ್ತಿದ್ದ ಉದ್ದನೆಯ ಮುದುಕ, ಅವನ ಹೆಸರು ನಿಮಗೆ ಕೊನೆಯವರೆಗೂ ಬರಲಿಲ್ಲ. ಏಣಿ ಓದಿದ್ದು ನಾಲ್ಕನೇ ಕ್ಲಾಸು. ಮೊದಲ ಹನಿ ಬಿದ್ದ ಕೂಡಲೇ ಮೂಗೆತ್ತಿ, “ಅಕ್ಕಾ, ನೆಲ ಉಸಿರು ಬಿಡ್ತು ನೋಡಿ, ಇನ್ನು ಮೂರು ವಾರ ನಿಮಗೆ ಕೈತುಂಬ ಕೆಲಸ” ಅನ್ನುತ್ತಿದ್ದ.

ಇಷ್ಟೆಲ್ಲ ಗೊತ್ತಿದ್ದೂ ನೀವು ಒಂಬತ್ತು ವರ್ಷದ ಹಿಂದಿನ ಆ ವರ್ಷದ ಬಗ್ಗೆ ಏನು ಬರೆದಿರಿ? ಎಲೆಗಳು ಕೊಂಬೆಯ ಮೇಲೇ ಸುರುಳಿಯಾದ ವರ್ಷ ಅದು. ಹಕ್ಕಿಗಳು ನಮ್ಮ ಬಚ್ಚಲ ಕಿಟಕಿಯೊಳಗೆ ಬಂದು ಬಕೆಟ್ಟಿನ ನೀರು ಕುಡಿದವು. ಅಳೆದ ಕಾಡುಗಳೆಲ್ಲ ಆ ವರ್ಷ ಎಳೆದದ್ದಕ್ಕಿಂತ ಹೆಚ್ಚು ಬಿಟ್ಟವು, ನಮ್ಮ ಕಾಡೊಂದೇ ಕೂದಲೆಳೆಯಷ್ಟಾದರೂ ಉಳಿಸಿಕೊಂಡಿತು ಎಂದು ಬರೆದಿರಿ. ‘ಸೈರಣೆಯ ಕಾಡು’ ಎಂದು ಹೆಸರಿಟ್ಟಿರಿ. ಇಡೀ ಕಾಡಿನ ಉಸಿರು ಅಳೆಯಲು ಗೋಪುರದ ಮೇಲಿಟ್ಟಿದ್ದ ಯಂತ್ರವನ್ನು ನಿಮ್ಮವರು ರಿಪೇರಿಗೆಂದು ಒಯ್ದು ನಾಲ್ಕು ತಿಂಗಳು ಮರೆತಿದ್ದರು, ಹಾಗಾಗಿ ಆ ಮಾತಿಗೆ ಇದ್ದ ಆಧಾರ ನನ್ನ ನಲವತ್ತು ಬಳೆ ಮಾತ್ರ. ಅಂಥ ಬರಹದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ‘ಸ್ಥಳದಲ್ಲಿ ನೆರವಾದ ಸಿಬ್ಬಂದಿಗೆ ವಂದನೆ’ ಎಂದು ಹಾಕಿದಿರಿ. ಬಾಗಿಲು ಕಾಯುವವನಿಗೂ ಅದರಲ್ಲೇ ಪಾಲು.

ಆಮೇಲೆ ನಡೆದದ್ದನ್ನು ನೋಡಿ ನನಗೆ ನಗು ಬಂತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನೀವು ಮರವೊಂದನ್ನು ತಬ್ಬಿಕೊಂಡು ನಿಂತ ಫೋಟೋ ಎಲ್ಲ ಕಡೆ ಬಂತು. ಆ ಮರ ನಮ್ಮ ಅಳತೆಯ ಕಾಡಿನದಲ್ಲ, ಗೇಟಿನ ಪಕ್ಕ ನೆರಳಿಗೆ ನೆಟ್ಟದ್ದು. ಒಳಗೆ ನಡೆಯಲು ಅವತ್ತು ನಿಮಗೆ ಶೂ ಕಚ್ಚುತ್ತಿತ್ತು. ಆಚೆ ದಿಬ್ಬದ ಸಿಮೆಂಟು ಕಾರ್ಖಾನೆಯವರು ಎರಡನೇ ಚಿಮಣಿ ಎಬ್ಬಿಸಿ, ‘ನಮ್ಮ ಪಕ್ಕದಲ್ಲಿದೆ ಸೈರಣೆಯ ಕಾಡು’ ಎಂದು ಬೋರ್ಡು ನಿಲ್ಲಿಸಿದರು. ನೀವು ರಿಬ್ಬನ್ನು ಕತ್ತರಿಸಲು ಹೋದಿರಿ. ಕತ್ತರಿ ಹರಿತವಿರಲಿಲ್ಲವಂತೆ, ಮೂರು ಸಲ ಕತ್ತರಿಸಬೇಕಾಯಿತಂತೆ. ಅದನ್ನು ಕೇಳಿ ಒಂದು ವಾರ ಸಂತೋಷವಾಗಿದ್ದೆ.

ಈಗ ಮಗಳ ವಿಷಯ. ಅದಕ್ಕಾಗಿಯೇ ತಾನೇ ನೀವು ಬರೆದದ್ದು.

ಅವಳು ನಿಮ್ಮ ಸಂಸ್ಥೆಯಲ್ಲಿ ಸಂಶೋಧನೆಗೆ ಸೇರುತ್ತೇನೆಂದಾಗ ಬೇಡ ಅಂದಿದ್ದೆ. ಅಪ್ಪನ ನೆರಳಿನಲ್ಲಿ ಗಿಡ ಬೆಳೆಯುವುದಿಲ್ಲ ಅಂದೆ. “ನಾನು ಅಪ್ಪನಿಗೋಸ್ಕರ ಹೋಗ್ತಿಲ್ಲಮ್ಮ, ನಿನ್ನ ಅಂಕಿಗೋಸ್ಕರ ಹೋಗ್ತಿದೀನಿ” ಅಂದಳು. ಇಪ್ಪತ್ತೆರಡು ವರ್ಷದ ಅಂಕಿಗಳನ್ನೆಲ್ಲ ಒಟ್ಟಿಗೆ ಇಟ್ಟು, ಸೆಕೆ ಮಳೆ ಹೆಚ್ಚುಕಡಿಮೆಯಾದ ಹಾಗೆ ಈ ಕಾಡು ಎಳೆಯುವುದೂ ಬಿಡುವುದೂ ಹೇಗೆ ಬದಲಾಗುತ್ತದೆ ಎಂದು ಕಂಡುಹಿಡಿಯುವುದು ಅವಳ ಕೆಲಸ. ಮೂರು ವರ್ಷ ಕೂತು ಮಾಡಿದಳು. ಎಲ್ಲ ಬಿಸಿ ವರ್ಷಗಳಲ್ಲೂ ಮೊದಲ ಮಳೆಯ ಏರಿಕೆ ಕಂಡಿತು. ಎಲ್ಲಕ್ಕಿಂತ ಬಿಸಿಯಾದ ಆ ಒಂದು ವರ್ಷ ಮಾತ್ರ ನೆಲ ಮಿಸುಕಾಡಲೇ ಇಲ್ಲ. ನಿಮಗೆ ಅದು ಸೈರಣೆಯಾಗಿ ಕಂಡಿತು, ಅವಳಿಗೆ ಅನುಮಾನವಾಯಿತು. ಏಣಿಯ ಹಳೆಯ ಪುಸ್ತಕ ತೆಗೆದಳು. ಅವನ ಗುಂಡು ಅಕ್ಷರದಲ್ಲಿ ಒಂದು ಸಾಲಿತ್ತು: ‘ಮಳೆ ಗಾಳಿಗೆ ಇನ್ನೂರ ಎಂಟನೇ ಮರ ಬಿತ್ತು. ಹದಿನಾಲ್ಕನೇ ಬಳೆ ಅಡಿಗೆ ಹೋಯಿತು.’ ತಾರೀಕೂ ಹಾಕಿದ್ದ. ಅದಾದ ಮೇಲೂ ಮೂರು ವಾರ ಹದಿನಾಲ್ಕನೇ ಬಳೆಯ ಅಂಕಿ ಪುಸ್ತಕದಲ್ಲಿ ನೆಟ್ಟಗೆ ಬರುತ್ತಿದೆ. ಆನೆಯಷ್ಟು ಭಾರದ ಮರದ ಕೆಳಗೆ ಡಬ್ಬಿ ಕವಿಚಿದವರು ಯಾರು?

ಅವಳು ನಿಮ್ಮನ್ನು ಕೇಳಿದಳು. ನೀವು ಏನು ಹೇಳಿದಿರಿ ಎಂಬುದನ್ನು ನಿಮ್ಮದೇ ದನಿಯಲ್ಲಿ ನನಗೆ ಒಪ್ಪಿಸಿದಳು: “ಅದೇನ್ ಮಹಾ ವಿಷಯ, ಒಂದು ಬಳೆ ತಾನೆ? ನಿಮ್ಮಮ್ಮನ ಹತ್ರ ಒಂದು ಸಾಲು ಬರೆಸ್ಕೊಂಡ್ರಾಯ್ತು.” ಅವಳು ಬರೆಸುವುದಿಲ್ಲ ಅಂದಳು. ಹಾಗಾದರೆ ನಿನ್ನ ಪ್ರಬಂಧ ಈ ವರ್ಷ ಮುಂದೆ ಹೋಗುವುದಿಲ್ಲ ಅಂದಿರಿ. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಇಲ್ಲಿಗೆ ಬಂದು ಹನ್ನೊಂದು ದಿನವಾಯಿತು. ಅಪ್ಪನೇ ಅಂಕಿ ಹುಟ್ಟಿಸಿದ್ದಾರೆ ಎಂದು ಅವಳ ತೀರ್ಮಾನ. ನಿಮ್ಮ ಫೋನು ಎತ್ತುತ್ತಿಲ್ಲ. ಮಗಳಿಗೆ ನಿಮ್ಮ ಮೇಲೆ ಇದ್ದದ್ದೆಲ್ಲ ಹೋಯಿತು. ಇಪ್ಪತ್ತನಾಲ್ಕು ವರ್ಷದ ಅಪ್ಪನ ಸ್ಥಾನವನ್ನು ಒಂದು ಸಾಲಿಗಾಗಿ ಕಳೆದುಕೊಂಡಿರಲ್ಲ, ನಿಮ್ಮಂಥ ಜಾಣರನ್ನು ನಾನು ನೋಡಲಿಲ್ಲ.

ಇವತ್ತು ಬೆಳಿಗ್ಗೆ ಇಬ್ಬರೂ ತರಗೆಲೆ ವಿಂಗಡಿಸುತ್ತಿದ್ದೆವು. ಮರಗಳ ಕೆಳಗೆ ಕಟ್ಟಿದ ಬಲೆಗಳಲ್ಲಿ ಬಿದ್ದದ್ದನ್ನು ತಂದು ಮೇಜಿನ ಮೇಲೆ ಸುರಿದು ಎಲೆ ಒಂದು ಕಡೆ, ಕಡ್ಡಿ ಒಂದು ಕಡೆ, ಬೀಜ ಒಂದು ಕಡೆ. ಆಮೇಲೆ ಒಲೆಯಲ್ಲಿ ಒಣಗಿಸಿ ತೂಗಬೇಕು. ಎಂಟು ವರ್ಷದವಳಿದ್ದಾಗಿನಿಂದ ಅವಳಿಗೆ ಈ ಕೆಲಸ ಬರುತ್ತದೆ. ಕೈ ಆಡಿಸುತ್ತಲೇ, ತಲೆ ಎತ್ತದೆ, “ನಿನ್ನ ಅಂಕಿ ಒಂದಿಲ್ಲದಿದ್ರೆ ನಾನು ಈ ಓದನ್ನೇ ಬಿಟ್ಬಿಡ್ತಿದ್ದೆ ಅಮ್ಮ” ಅಂದಳು. ನಾನು ಬೀಜ ಆರಿಸುತ್ತಿದ್ದೆ. ಆರಿಸುತ್ತಲೇ ಇದ್ದೆ.

ಹನ್ನೆರಡನೇ ತಾರೀಕು, ಶುಕ್ರವಾರ

ನಿನ್ನೆ ಅಲ್ಲಿಗೆ ಪೆನ್ನು ಕೆಳಗಿಟ್ಟೆ. ಇವತ್ತು ಬರೆದದ್ದನ್ನು ಓದಿ ನೋಡಿದೆ. ಚೆನ್ನಾಗಿಯೇ ಬೈದಿದ್ದೇನೆ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ, ಒಂದನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಹಾಗೆ ಪುಟಕ್ಕೆರಡು ಸಲ ನಾನೇ ನನ್ನ ಹೆಗಲು ಮುಟ್ಟಿಕೊಂಡದ್ದು ನನಗೇ ಕಾಣಿಸಿತು. ನಿಮಗೆ ಕಾಣಿಸಿರಲಿಕ್ಕಿಲ್ಲ. ನೀವು ಯಾವುದನ್ನೂ ಎರಡು ಸಲ ಓದುವವರಲ್ಲ.

ಆ ಅಂಕಿಗಳನ್ನು ಹುಟ್ಟಿಸಿದ್ದು ನಾನು.

ಹದಿನಾಲ್ಕನೇ ಬಳೆಯದಷ್ಟೇ ಅಲ್ಲ. ನಲವತ್ತು ಬಳೆ, ಆರು ವಾರ, ವಾರಕ್ಕೆರಡು ಸಲ. ನಾನ್ನೂರ ಎಂಬತ್ತು ಅಂಕಿ. ಜ್ವರ ಬಂದು ಮಲಗಿದ್ದೆ. ಆ ಆರು ವಾರ ಕಾಡಿನೊಳಗೆ ಒಂದು ದಿನವೂ ಹೋಗಲಿಲ್ಲ. ಕೊನೆಗೆ ನಿಮ್ಮ ಕಚೇರಿಯಿಂದ ಅಂಕಿ ಎಲ್ಲಿ ಎಂದು ಜ್ಞಾಪನೆ ಬಂದಾಗ, ಅಡುಗೆಮನೆಯ ಮೇಜಿನ ಮುಂದೆ ಮೂರು ಮಧ್ಯಾಹ್ನ ಕೂತು ಬರೆದು ತುಂಬಿಸಿದೆ. ಬಂಡೆಯ ಪಕ್ಕದ ಒಂಬತ್ತನೆಯದು ಯಾವಾಗಲೂ ಸ್ವಲ್ಪ ಹೆಚ್ಚು, ಇಳಿಜಾರಿನ ಮೂವತ್ತೊಂದನೆಯದು ಯಾವಾಗಲೂ ಕಡಿಮೆ, ಅದೆಲ್ಲ ನನಗೆ ಬಾಯಿಪಾಠ. ಎರಡು ಕಡೆ ಬೇಕೆಂದೇ ತಪ್ಪು ಬರೆದು ಅಳಿಸಿ ತಿದ್ದಿದೆ. ಹಿತ್ತಲಿನ ಮಣ್ಣು ಬೆರಳಿಗೆ ಹಚ್ಚಿಕೊಂಡು ಪುಟದ ಅಂಚಿಗೆ ಒರೆಸಿದೆ. ನಿಮ್ಮ ಸಂಸ್ಥೆಯಲ್ಲಿ ಯಾರಿಗೂ ಇಷ್ಟು ಅಚ್ಚುಕಟ್ಟಾಗಿ ಮೋಸ ಮಾಡಲು ಬರುವುದಿಲ್ಲ. ಅದಕ್ಕೆ ಕಾಡು ಗೊತ್ತಿರಬೇಕು.

ಮಳೆ ಬಂದದ್ದು ನನಗೆ ಗೊತ್ತಿತ್ತು, ಮನೆಯ ಮಾಡಿನ ಮೇಲೂ ಬಿತ್ತಲ್ಲ. ಹಾಗಿದ್ದ ಮೇಲೆ ಏರಿಕೆಯನ್ನೂ ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀರಿ. ಏರಿತು ಎಂದು ಬರೆಯಲು ಎಷ್ಟು ಏರಿತು ಎಂದು ಗೊತ್ತಿರಬೇಕು. ಎಂಟೋ ಹದಿಮೂರೋ, ಎರಡು ವಾರವೋ ನಾಲ್ಕೋ, ಅಂಥ ಬೇಸಿಗೆ ಅದಕ್ಕೆ ಮೊದಲು ಬಂದಿರಲಿಲ್ಲ. ದೊಡ್ಡ ಅಂಕಿ ಬರೆದರೆ ಯಾರಾದರೂ ನಿಂತು ನೋಡುತ್ತಾರೆ. ಸುಳ್ಳು ಬರೆಯುವವರಿಗೆ ಸಮತಟ್ಟೇ ಹಿತ. ಒಂದೂವರೆ, ಒಂದೂ ಮುಕ್ಕಾಲು, ಮತ್ತೆ ಒಂದೂವರೆ ಎಂದು ಬರೆದುಕೊಂಡು ಹೋದೆ. ಏಣಿ ಆ ದಿನಗಳಲ್ಲಿ ಒಮ್ಮೆ ಬಾಗಿಲಿಗೆ ಬಂದು, “ಅಕ್ಕಾ, ಇನ್ನೂರ ಎಂಟು ಬಿದ್ದೋಯ್ತು” ಅಂದಿದ್ದ. ಆಯ್ತು ಅಂದೆ. ಎಲ್ಲಿ ಬಿತ್ತು ಎಂದು ಕೇಳಲಿಲ್ಲ. ಮರ ಬಿದ್ದರೆ ಮೊದಲು ಎಲ್ಲಿ ಬಿತ್ತು ಎಂದು ಕೇಳಬೇಕು. ಈ ಕೆಲಸಕ್ಕೆ ಬಂದವರಿಗೆ ನಾನೇ ಮೊದಲ ದಿನ ಹೇಳಿಕೊಡುವ ಪಾಠ ಅದು.

ಎದ್ದು ಕಾಡಿಗೆ ಹೋದಾಗ ನೋಡಿದೆ. ಬಳೆ ಚೂರುಚೂರಾಗಿ ಕಾಂಡದ ಅಡಿಯಲ್ಲಿತ್ತು. ಆ ಹೊತ್ತಿಗೆ ಹಾಳೆಗಳನ್ನು ನಿಮಗೆ ಕಳಿಸಿಯಾಗಿತ್ತು. ಎರಡು ಹೆಜ್ಜೆ ಆಚೆಗೆ ಹೊಸದೊಂದು ಹೂತು, ಅಂದಿನ ತಾರೀಕೇ ಹಾಕಿ ‘ಬಳೆ ಬದಲಿಸಿದೆ’ ಎಂದು ಬರೆದೆ. ಅದೊಂದು ಸತ್ಯ ಯಾಕೆ ಬರೆದೆನೋ ತಿಳಿಯದು. ಏಣಿ ಪಕ್ಕದಲ್ಲೇ ನಿಂತಿದ್ದ. ಅವನಿಗೆ ನಾನು ಬಾರದ್ದೂ ಗೊತ್ತು, ಅಂಕಿ ಹೋದದ್ದೂ ಗೊತ್ತು. ಸಾಯುವವರೆಗೂ ಒಂದು ಮಾತು ಆಡಲಿಲ್ಲ. ಅವನು ನನ್ನನ್ನು ಗೌರವಿಸುತ್ತಾನೆ ಎಂದು ಆಮೇಲಿನ ವರ್ಷಗಳಲ್ಲಿ ನನಗೆ ನಾನೇ ಹೇಳಿಕೊಂಡೆ. ಅದು ಗೌರವವಾಗಿರಲಿಲ್ಲ. ಮರ್ಯಾದಸ್ಥರು ಬೇರೆಯವರ ಅಸಹ್ಯವನ್ನು ನೋಡಿದಾಗ ಮುಖ ತಿರುಗಿಸುತ್ತಾರೆ, ಅಷ್ಟೆ.

ಇಷ್ಟಾದರೂ ನಿಮ್ಮ ಮೇಲಿನ ತಾತ್ಸಾರ ನನಗೆ ಕಡಿಮೆಯಾಗಿಲ್ಲ ಎಂಬುದು ನಿಮಗೆ ತಿಳಿದಿರಲಿ. ನೀವು ಕೇಳುತ್ತೀರಿ ಎಂದುಕೊಂಡಿದ್ದೆ. ಅಂಥ ಬೇಸಿಗೆಯಾದ ಮೇಲೆ, ಅಂಥ ಮಳೆ ಬಿದ್ದ ಮೇಲೆ ನೆಲ ಸುಮ್ಮನಿತ್ತು ಎಂದರೆ ಮೊದಲ ವರ್ಷದ ವಿದ್ಯಾರ್ಥಿಯೂ ಫೋನ್ ಮಾಡಿ, ಯಂತ್ರ ಕೆಟ್ಟಿತ್ತಾ, ಡಬ್ಬಿ ಸೋರುತ್ತಿತ್ತಾ ಎಂದು ಕೇಳುತ್ತಿದ್ದ. ಒಂದು ಸಲ ಕೇಳಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆ. ನೀವು ಆಶ್ಚರ್ಯಪಡಲಿಲ್ಲ, ಸಂತೋಷಪಟ್ಟಿರಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಆ ಜಾತಿಯ ಪಂಡಿತರು ನೀವು. ಆಗಲೇ ನಿಮ್ಮ ಆ ಮೊದಲ ಕಾಗದ ಬಂದದ್ದು. ‘ನಿನ್ನ ಅಳತೆ ನನ್ನ ಬದುಕಿಗೆ ಸಿಕ್ಕ ದೊಡ್ಡ ಉಡುಗೊರೆ’ ಎಂದು ಬರೆದಿದ್ದಿರಿ. ಹದಿಮೂರು ವರ್ಷ ಮಳೆಯಲ್ಲಿ, ಜಿಗಣೆಯಲ್ಲಿ, ಕೆಸರಿನಲ್ಲಿ ಮಂಡಿಯೂರಿ ನಿಜ ಅಳೆದಾಗ ನಿಮ್ಮ ಬಾಯಿಂದ ಭೇಷ್ ಎಂಬ ಮಾತು ಬರಲಿಲ್ಲ. ಕೂತಲ್ಲೇ ಸುಳ್ಳು ಬರೆದಾಗ ಬಂತು. ಅದನ್ನು ನಾನು ಹರಿದು ಬಿಸಾಡಬೇಕಿತ್ತು. ನಾಲ್ಕು ಸಲ ಓದಿ, ಮಡಿಸಿ, ಕಪಾಟಿನಲ್ಲಿಟ್ಟೆ. ನಿಮಗಿಂತ ಕಡೆ ನಾನು.

ಮಗಳಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಹನ್ನೊಂದು ದಿನ ಅವಳು ನಿಮ್ಮನ್ನು ಬೈಯುವುದನ್ನು ಕೇಳಿಕೊಂಡು, ನಡುನಡುವೆ ಉಪ್ಪುಖಾರ ಹಾಕಿಕೊಂಡು ಕೂತಿದ್ದೆ. ರುಚಿಯಾಗಿಯೇ ಇತ್ತು. ನಿಮ್ಮ ಟೈಪಿನ ಹಾಳೆ ಬಂದ ಮೇಲೆ ನುಂಗಲು ಆಗಲಿಲ್ಲ. ಸಹಿ ಹಾಕಿದರೆ ನನ್ನ ಮಾತಿನ ಮೇಲೆ ಅವಳು ತನ್ನ ಹೆಸರು ಹಾಕುತ್ತಾಳೆ. ಹಾಕದೆ ಸುಮ್ಮನಿದ್ದರೆ ಮಾಡದ ತಪ್ಪಿಗೆ ಅಪ್ಪನನ್ನು ಬಿಡುತ್ತಾಳೆ, ಮೂರು ವರ್ಷದ ಕೆಲಸವನ್ನೂ ಬಿಡುತ್ತಾಳೆ. ಎರಡರಲ್ಲೂ ನಾನು ಮಾತ್ರ ಒಳ್ಳೆಯವಳಾಗಿ ಉಳಿಯುತ್ತೇನೆ. ಅಷ್ಟು ಒಳ್ಳೆಯತನ ನನಗೆ ಬೇಡ.

ಅವಳು ಒಣಗಿದ ಎಲೆಯ ಪೊಟ್ಟಣಗಳನ್ನು ತಕ್ಕಡಿಯ ಮೇಲಿಟ್ಟು ತೂಗುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಅಳಬಾರದು ಎಂದು ನಿರ್ಧರಿಸಿದ್ದೆ, ಅಳಲಿಲ್ಲ. ಅವಳೂ ಅಳಲಿಲ್ಲ. ಎಷ್ಟು ದಿನ ಎಂದು ಕೇಳಿದಳು. ಆರು ವಾರ ಅಂದೆ. ತಾರೀಕು ಕೇಳಿದಳು. ಹೇಳಿದೆ, ಬರೆದುಕೊಂಡಳು. ಕೈಯಲ್ಲಿದ್ದ ಪೊಟ್ಟಣವನ್ನು ತೂಗಿ ಮುಗಿಸಿ ಅದರ ಅಂಕಿಯನ್ನೂ ಬರೆದುಕೊಂಡಳು. ಆಮೇಲೆ ಪೆನ್ಸಿಲ್ ಕೆಳಗಿಟ್ಟು, ಬಹಳ ಮೆತ್ತಗೆ, ಡಾಕ್ಟರು ರೋಗಿಯನ್ನು ಕೇಳುವ ಹಾಗೆ, “ಬೇರೆ ವರ್ಷದ್ದಾದ್ರೂ ನಿಜಾನಾ ಅಮ್ಮ?” ಅಂದಳು.

ಇಪ್ಪತ್ತೆರಡು ವರ್ಷದಲ್ಲಿ ಆರು ವಾರ ಬಿಟ್ಟು ಮಿಕ್ಕದ್ದೆಲ್ಲ ನಿಜ. ಕಾಲು ಮುರಿದಿದ್ದಾಗ ಏಣಿಯ ಹೆಗಲು ಹಿಡಿದುಕೊಂಡು ಹೋಗಿ ಅಳೆದದ್ದು ನಿಜ. ನನ್ನ ತಾಯಿ ತೀರಿಕೊಂಡ ವಾರ ಅವಳನ್ನು ಕಳಿಸಿಕೊಟ್ಟು ಬಂದು ಅದೇ ಸೀರೆಯಲ್ಲಿ ಮಂಡಿಯೂರಿ ಅಳೆದದ್ದು ನಿಜ. ಅದನ್ನೆಲ್ಲ ಹೇಳೋಣವೆಂದು ಬಾಯಿ ತೆರೆದೆ. ನಿಜ ಎಂದಷ್ಟೇ ಹೇಳಲು ಆಯಿತು. ಅವಳು ಹೂಂ ಅಂದಳು. ಒಳಗೆ ಹೋಗಿ ಮೊದಲ ವರ್ಷದ ಮೊದಲ ಪುಸ್ತಕ ತಂದು ಮೇಜಿನ ಮೇಲಿಟ್ಟು, ಎದುರಿನ ಕುರ್ಚಿ ತೋರಿಸಿ, “ಕೂತ್ಕೋ, ಒಂದೊಂದೇ ಪುಟ ನೋಡ್ಬೇಕು” ಅಂದಳು. ಮಧ್ಯಾಹ್ನದವರೆಗೆ ಹದಿನೇಳು ಪುಟವಾಯಿತು. ಪುಟಪುಟಕ್ಕೂ ಅಂದು ಮಳೆಯಿತ್ತಾ, ಜೊತೆಗೆ ಯಾರಿದ್ದರು, ಇದ್ಯಾಕೆ ತಿದ್ದಿದ್ದು ಎಂದು ಕೇಳುತ್ತಾಳೆ. ನಡುವೆ ಒಮ್ಮೆ ಚಹಾ ಮಾಡಿ ತಂದುಕೊಟ್ಟಳು. ಪುಸ್ತಕಗಳು ಇನ್ನೂ ಎಂಬತ್ತಮೂರಿವೆ. ನಾನು ಪ್ರತಿಯೊಂದಕ್ಕೂ ಉತ್ತರ ಹೇಳುತ್ತೇನೆ. ನೀವು ಒಂಬತ್ತು ವರ್ಷದ ಹಿಂದೆ ಕೇಳಬೇಕಿದ್ದ ಪ್ರಶ್ನೆಗಳು ಇವು.

ನಿಮ್ಮ ಹಾಳೆಯನ್ನು ಸಹಿಯಿಲ್ಲದೆ ವಾಪಸು ಕಳಿಸಿದ್ದೇನೆ. ಅದರ ಬೆನ್ನಿಗೆ ನಡೆದದ್ದನ್ನು ತಾರೀಕು ಸಮೇತ ಬರೆದು ಸಹಿ ಹಾಕಿದ್ದೇನೆ. ನಿಮ್ಮ ಬರಹ ಅಚ್ಚುಹಾಕಿದ ಪತ್ರಿಕೆಯವರಿಗೂ, ನಿಮ್ಮ ಸಂಸ್ಥೆಯ ಹಿರಿಯರಿಗೂ ಅದೇ ಮಾತಿನ ಒಂದೊಂದು ಪ್ರತಿ ಇದರ ಜೊತೆಗೇ ಹೊರಟಿದೆ, ಆದ್ದರಿಂದ ಇದನ್ನು ಒಲೆಗೆ ಹಾಕುವ ತೊಂದರೆ ತೆಗೆದುಕೊಳ್ಳಬೇಡಿ. ಕಾಡು ಆ ವರ್ಷ ಎಷ್ಟು ಬಿಟ್ಟಿತು ಎಂಬುದು ಯಾರಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ ಎಂದು ಅದರಲ್ಲಿ ಬರೆದಿದ್ದೇನೆ. ನಿಮ್ಮ ಸೈರಣೆಯ ಕಾಡಿಗೆ ನನ್ನ ಕಡೆಯಿಂದ ಇಷ್ಟೇ. ಪದಕ ವಾಪಸು ಕೇಳುತ್ತಾರೋ ಇಲ್ಲವೋ ತಿಳಿಯದು. ಕೇಳಿದರೆ ಫೋಟೋ ತೆಗೆಯುವವನನ್ನು ಕರೆಸಿಕೊಂಡು ಕೊಡಿ.

ಮಗಳು ಈ ಕಾಗದ ತಲುಪಿದ ಮೇಲೆ ನಿಮಗೆ ಫೋನ್ ಮಾಡಿ ಕ್ಷಮೆ ಕೇಳುತ್ತಾಳಂತೆ. ಕೇಳಿದಾಗ ದೊಡ್ಡಸ್ತಿಕೆ ತೋರಿಸಬೇಡಿ. ‘ಪಾಪ ನಿಮ್ಮಮ್ಮ’ ಎನ್ನಬೇಡಿ. ಅವಳಿಗೆ ಆ ಒಂದು ಸಾಲು ಬರೆಸಿಕೊಂಡು ಬಾ ಅಂದದ್ದಕ್ಕೆ ನೀವೂ ಕ್ಷಮೆ ಕೇಳಿ. ನಿಮಗೆ ಆ ಅಭ್ಯಾಸವಿಲ್ಲ, ತಿಳಿದಿದೆ. ಕನ್ನಡಿಯ ಮುಂದೆ ಎರಡು ಸಲ ಹೇಳಿ ನೋಡಿಕೊಂಡು ಫೋನ್ ಎತ್ತಿ.

ಇಂತಿ,
ನಿಮ್ಮ ಮಗಳ ತಾಯಿ

ವಿ.ಸೂ.: ಮೇಲೆ ಜ್ವರ ಎಂದು ಬರೆದದ್ದು ಸುಳ್ಳು. ಮಗಳು ಎಷ್ಟು ದಿನ ಎಂದು ಕೇಳಿದಳೇ ಹೊರತು ಯಾಕೆ ಎಂದು ಕೇಳಲಿಲ್ಲ. ಕೇಳಿದರೆ ಅವಳಿಗೂ ಹೇಳುತ್ತೇನೆ. ನೀವು ಕೇಳುವವರಲ್ಲ, ಅದಕ್ಕೇ ಕೇಳದೆಯೇ ಹೇಳುತ್ತಿದ್ದೇನೆ. ಆ ವರ್ಷ ನೀವು ಮನೆ ಬಿಟ್ಟು ಹೊರಟ ದಿನ ಬಸ್ಸಿನ ಮೆಟ್ಟಿಲ ಮೇಲೆ ನಿಂತು, “ವಾಪಸ್ ಬರೋದಾ ಬೇಡ್ವಾ ಅಂತ ಯೋಚನೆ ಮಾಡಿ ಫೋನ್ ಮಾಡ್ತೀನಿ” ಅಂದಿರಿ. ಕಾಡಿನೊಳಗೆ ಸಿಗ್ನಲ್ ಸಿಗುವುದಿಲ್ಲ. ಈ ಮನೆಯಲ್ಲಿ ಸಿಗುವುದು ಅಡುಗೆಮನೆಯ ಕಿಟಕಿಯ ಎಡಗಡೆ, ಒಂದೇ ಕಡೆ. ಆರು ವಾರ ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಮೊದಲ ಮಳೆ ಬಿದ್ದ ಮಧ್ಯಾಹ್ನ ಮಣ್ಣಿನ ವಾಸನೆ ಒಳಗೆ ಬಂತು. ಎದ್ದು ಹೋದರೆ ನಿಮ್ಮ ಫೋನ್ ತಪ್ಪಿಹೋದೀತೆಂದು ಏಳಲಿಲ್ಲ.